ಕಾರಿನ ಮೈಲೇಜಿಗಾಗಿ ಮನೆಯಲ್ಲೇ ಮಾಡಬಹುದಾದ ಕೆಲಸಗಳು: ಯಾವುದಕ್ಕೆ ಎಷ್ಟು ಖರ್ಚು, ಯಾವುದರಿಂದ ಎಷ್ಟು ಉಳಿತಾಯ

ವರ್ಷಕ್ಕೆ 12,000 ಕಿಲೋಮೀಟರು ಓಡುವ, ಲೀಟರಿಗೆ 15 ಕಿಲೋಮೀಟರು ಕೊಡುವ ಸಾಧಾರಣ ಪೆಟ್ರೋಲ್ ಕಾರೊಂದು ವರ್ಷಕ್ಕೆ 800 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಲೆಕ್ಕ ಸುಲಭವಾಗಲೆಂದು ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ಅದು 80,000 ರೂಪಾಯಿಯ ಖರ್ಚು, ಮತ್ತು ಅದರಲ್ಲಿ ಶೇಕಡಾ ಒಂದು ಎಂದರೆ 800 ರೂಪಾಯಿ. ಮೈಲೇಜ್ ಹೆಚ್ಚಿಸುತ್ತದೆಂದು ಯಾರಾದರೂ ಹೇಳುವ ಪ್ರತಿಯೊಂದು ಕೆಲಸವನ್ನೂ, ಪ್ರತಿಯೊಂದು ವಸ್ತುವನ್ನೂ ಈ 800 ರೂಪಾಯಿಯ ಅಳತೆಗೋಲಿನಿಂದ ಅಳೆದು ನೋಡಿದರೆ ಅರ್ಧ ಗೊಂದಲ ಅಲ್ಲಿಯೇ ತೀರುತ್ತದೆ. 6,000 ರೂಪಾಯಿಯ ವಸ್ತುವೊಂದು ನಿಜವಾಗಿಯೂ ಶೇ. 2ರಷ್ಟು ಇಂಧನ ಉಳಿಸಿದರೂ ಹಾಕಿದ ದುಡ್ಡು ಮರಳಿ ಬರಲು ನಾಲ್ಕು ವರ್ಷಕ್ಕೆ ಮೂರೇ ತಿಂಗಳು ಕಡಿಮೆ ಬೇಕು. 400 ರೂಪಾಯಿಯ, ಟೈರಿನ ಗಾಳಿ ಅಳೆಯುವ ಮಾಪಕವೊಂದು ಅಷ್ಟೇ ಉಳಿಸಿದರೆ ಮೂರು ತಿಂಗಳು ಸಾಕು.

ಈ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲೀಟರಿಗೆ 10 ಕಿಲೋಮೀಟರು ಕೊಡುತ್ತಿದ್ದ ಕಾರನ್ನು 12ಕ್ಕೆ ಏರಿಸಿದರೆ ವರ್ಷಕ್ಕೆ 200 ಲೀಟರ್ ಉಳಿಯುತ್ತದೆ. 20 ಕೊಡುತ್ತಿದ್ದ ಕಾರನ್ನು 22ಕ್ಕೆ ಏರಿಸಿದರೆ ಉಳಿಯುವುದು ಸುಮಾರು 55 ಲೀಟರ್ ಮಾತ್ರ. ಎರಡರಲ್ಲೂ ಏರಿಕೆ ಎರಡೇ ಕಿಲೋಮೀಟರು. ಆದ್ದರಿಂದ ಮನೆಯಲ್ಲಿ ಎರಡು ಕಾರುಗಳಿದ್ದರೆ ಕಡಿಮೆ ಮೈಲೇಜಿನ ಕಾರಿನ ಮೇಲೆಯೇ ಮೊದಲು ಕೈಯಿಡಬೇಕು, ಈಗಾಗಲೇ ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿಸಲು ಹೊರಡಬಾರದು.

ಮೊದಲು ಅಳತೆ, ಆಮೇಲೆ ಸ್ಪಾನರ್

ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜ್ ಸಾಮಾನ್ಯವಾಗಿ ಸ್ವಲ್ಪ ಉದಾರವಾಗಿರುತ್ತದೆ. ಕಂಪನಿ ಘೋಷಿಸುವ ಅಂಕಿಯನ್ನಂತೂ ಹೋಲಿಕೆಗೆ ಬಳಸಲೇಬಾರದು. ಅದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ, ಎಸಿ ಹಾಕದೆ, ಗಂಟೆಗೆ 90 ಕಿಲೋಮೀಟರು ದಾಟದ ವೇಗದಲ್ಲಿ ಬಂದ ಅಂಕಿ. ನಂಬಬಹುದಾದ ವಿಧಾನ ಹಳೆಯದೇ: ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ, ನಳಿಕೆ ತಾನಾಗಿಯೇ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಮುಂದಿನ ಬಾರಿ ಅದೇ ರೀತಿ ತುಂಬಿಸಿದಾಗ ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸುವುದು. ಒಂದು ಟ್ಯಾಂಕಿನ ಲೆಕ್ಕದಲ್ಲಿ ಒಂದೆರಡು ಲೀಟರಿನ ವ್ಯತ್ಯಾಸ ಸುಲಭವಾಗಿ ನುಸುಳುತ್ತದೆ. ಮೂರು ನಾಲ್ಕು ಟ್ಯಾಂಕುಗಳ ಸರಾಸರಿ ತೆಗೆದರೆ ಮಾತ್ರ ಶೇ. 3ರಂತಹ ಸಣ್ಣ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ಪ್ಲಗ್, ಆಯಿಲ್, ಟೈರ್ ಮೂರನ್ನೂ ಒಂದೇ ಭಾನುವಾರ ಬದಲಿಸಿದವರಿಗೆ ಯಾವುದರಿಂದ ಏನಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ಹಳೆಯ ದಾಖಲೆಗಳೊಂದಿಗೆ ಹೋಲಿಸುವವರು ಇಂಧನವೇ ಬದಲಾಗಿದೆ ಎಂಬುದನ್ನೂ ಗಮನದಲ್ಲಿಡಬೇಕು. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಮಾತ್ರ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ, ಎಥೆನಾಲ್ ಇಲ್ಲದ ಪೆಟ್ರೋಲಿಗಾಗಿ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ. 6ರಿಂದ 7ರಷ್ಟು, ಇ10ಕ್ಕಾಗಿ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2ರಷ್ಟು ಕಡಿಮೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಎಂಟು ವರ್ಷದ ಹಿಂದಿನ ಪುಸ್ತಕದಲ್ಲಿರುವ 17 ಇಂದು 16 ಆಗಿದ್ದರೆ ತಪ್ಪು ಕಾರಿನದ್ದೇ ಆಗಿರಬೇಕಾಗಿಲ್ಲ, ಮತ್ತು ಆ ಒಂದು ಕಿಲೋಮೀಟರನ್ನು ಯಾವ ಸ್ಪಾನರೂ ಮರಳಿ ತರಲಾರದು.

ಕಳೆದುಹೋದದ್ದು ಮತ್ತು ಎಂದೂ ಇಲ್ಲದಿದ್ದದ್ದು

ಮೈಲೇಜಿಗಾಗಿ ಮಾಡುವ ಕೆಲಸಗಳಲ್ಲಿ ಎರಡು ಜಾತಿಗಳಿವೆ. ಕಾರು ಹೊಸದಾಗಿದ್ದಾಗ ಇದ್ದು ಈಗ ಯಾವುದೋ ದೋಷದಿಂದ ಸೋರಿಹೋಗುತ್ತಿರುವ ಮೈಲೇಜನ್ನು ಮರಳಿ ಪಡೆಯುವುದು ಒಂದು. ಕಾರಿಗೆ ಎಂದೂ ಇಲ್ಲದಿದ್ದ ಮೈಲೇಜನ್ನು ಹೊಸ ಬಿಡಿಭಾಗ ಹಾಕಿ ಪಡೆಯಲು ಹೊರಡುವುದು ಇನ್ನೊಂದು. ಮೊದಲನೆಯದು ಅಗ್ಗ ಮತ್ತು ದೊಡ್ಡದು, ಎರಡನೆಯದು ದುಬಾರಿ ಮತ್ತು ಸಣ್ಣದು. ಮಾರುಕಟ್ಟೆಯ ಜಾಹೀರಾತುಗಳೆಲ್ಲ ಎರಡನೆಯದರ ಕುರಿತೇ ಇರುವುದು ಸಹಜ, ಏಕೆಂದರೆ ಹಿಡಿದುಕೊಂಡಿರುವ ಬ್ರೇಕನ್ನು ಬಿಡಿಸುವುದರಲ್ಲಿ ಮಾರಲು ಏನೂ ಇಲ್ಲ.

ಬ್ರೇಕಿನ ವಿಷಯವನ್ನೇ ಮೊದಲು ನೋಡೋಣ. ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಅಂಟಿಕೊಂಡಾಗ, ಅಥವಾ ಹಿಂದಿನ ಡ್ರಮ್ ಬ್ರೇಕನ್ನು, ಹ್ಯಾಂಡ್‌ಬ್ರೇಕ್ ಕೇಬಲ್ಲನ್ನು ಅತಿ ಬಿಗಿಯಾಗಿ ಹೊಂದಿಸಿದಾಗ, ಪೆಡಲಿನಿಂದ ಕಾಲು ತೆಗೆದರೂ ಚಕ್ರ ಪೂರ್ತಿ ಬಿಡುಗಡೆಯಾಗುವುದಿಲ್ಲ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂತೆ ಇಂಜಿನ್ ಒಂದು ಕಡೆ, ಬ್ರೇಕ್ ಇನ್ನೊಂದು ಕಡೆ ಎಳೆಯುತ್ತಲೇ ಇರುತ್ತವೆ. ಇದನ್ನು ಪತ್ತೆ ಹಚ್ಚಲು ಉಪಕರಣವೇ ಬೇಕಿಲ್ಲ. ಹೆಚ್ಚು ಬ್ರೇಕ್ ಹಿಡಿಯದೆ ಏಳೆಂಟು ಕಿಲೋಮೀಟರು ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಅಂಗೈಯನ್ನು ಸ್ವಲ್ಪ ದೂರದಲ್ಲಿ ಹಿಡಿದು ನೋಡಬೇಕು, ಡಿಸ್ಕನ್ನು ಮುಟ್ಟಬಾರದು. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಸಂಶಯ ಗಟ್ಟಿಯಾಗುತ್ತದೆ. ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟಾಗ ಸಣ್ಣ ಕಾರು ಒಬ್ಬರ ತಳ್ಳುವಿಕೆಗೆ ಸುಲಭವಾಗಿ ಉರುಳಬೇಕು. ಮೊಂಡುತನ ತೋರಿದರೆ ಅದೂ ಒಂದು ಸೂಚನೆ. ಪತ್ತೆ ನಿಮ್ಮದಾಗಿರಲಿ, ಆದರೆ ದುರಸ್ತಿಯನ್ನು ಅನುಭವವಿಲ್ಲದವರು ಮೆಕ್ಯಾನಿಕ್‌ಗೇ ಬಿಡುವುದು ಒಳ್ಳೆಯದು. ಪಿನ್‌ಗಳಿಗೆ ಹಚ್ಚಬೇಕಾದದ್ದು ಬ್ರೇಕಿಗೆಂದೇ ಇರುವ, ಶಾಖ ತಡೆಯುವ ಗ್ರೀಸ್. ಡಬ್ಬದಲ್ಲಿ ಉಳಿದಿರುವ ಸಾಧಾರಣ ಗ್ರೀಸನ್ನು ಅಲ್ಲಿ ಬಳಸಿದರೆ ರಬ್ಬರ್ ಉಬ್ಬಿ ಸಮಸ್ಯೆ ಹೆಚ್ಚುತ್ತದೆ.

ಎರಡನೆಯ ಕಳ್ಳ ಥರ್ಮೋಸ್ಟಾಟ್. ಇಂಜಿನ್ ತನ್ನ ಸರಿಯಾದ ಬಿಸಿಗೆ, ಅಂದರೆ ಸುಮಾರು 90 ಡಿಗ್ರಿಗೆ, ಬೇಗ ಏರಲೆಂದೇ ಈ ಸಣ್ಣ ಕವಾಟವಿದೆ. ಇಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡು, ಇಂಜಿನ್ ತಂಪಾಗಿಸುವ ದ್ರವವಾದ ಕೂಲೆಂಟನ್ನು ರೇಡಿಯೇಟರಿಗೆ ಹೋಗಗೊಡುವುದಿಲ್ಲ. ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಇಂಜಿನ್ ಬಹಳ ಹೊತ್ತು ತಣ್ಣಗಿರುತ್ತದೆ, ಮತ್ತು ತಣ್ಣಗಿನ ಇಂಜಿನ್‌ಗೆ ಇಸಿಯು, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಹೆಚ್ಚು ಪೆಟ್ರೋಲ್ ಕೊಡುತ್ತಲೇ ಹೋಗುತ್ತದೆ. ನಮ್ಮಲ್ಲಿ ಇದಕ್ಕಿಂತ ವಿಚಿತ್ರವಾದ ಒಂದು ರೂಢಿಯೂ ಇದೆ: ಬೇಸಿಗೆಯಲ್ಲಿ ಇಂಜಿನ್ ಬಿಸಿಯಾಗಬಾರದೆಂದು ಕೆಲವು ಮೆಕ್ಯಾನಿಕ್‌ಗಳು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುತ್ತಾರೆ. ಹಳೆಯ ಕಾರು ಕೊಂಡವರು ಇದನ್ನು ಖಂಡಿತ ಪರೀಕ್ಷಿಸಬೇಕು. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಚಳಿಗಾಲದ ಬೆಳಿಗ್ಗೆ ಐದಾರು ಕಿಲೋಮೀಟರು ಓಡಿಸಿದ ಮೇಲೂ ಡ್ಯಾಶ್‌ಬೋರ್ಡಿನ ಇಂಜಿನ್ ತಣ್ಣಗಿದೆಯೆಂದು ಸೂಚಿಸುವ ನೀಲಿ ದೀಪ ಆರದಿದ್ದರೆ, ಅಥವಾ ಹೆದ್ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಮತ್ತೆ ಕೆಳಗಿಳಿಯುತ್ತಿದ್ದರೆ, ದೋಷ ಬಹುಮಟ್ಟಿಗೆ ಇಲ್ಲಿಯೇ ಇದೆ.

ಇಂತಹ ದೋಷಗಳನ್ನು ಹುಡುಕಲು ಕೊಳ್ಳಬಹುದಾದ ಒಂದೇ ಒಂದು ವಿದ್ಯುನ್ಮಾನ ವಸ್ತುವೆಂದರೆ, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಮೊಬೈಲಿಗೆ ಬ್ಲೂಟೂತ್ ಮೂಲಕ ಮಾಹಿತಿ ಕಳಿಸುವ, ಇಸಿಯು ದಾಖಲಿಸಿದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್. ಭಾರತದಲ್ಲಿ 2013ರ ನಂತರ ಬಂದ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಇದಕ್ಕೆ ಬೇಕಾದ ಸಾಕೆಟ್ ಇರುತ್ತದೆ. ಪಿ0128 ಎಂಬ ಸಂಕೇತ ಬಂದರೆ ಕೂಲೆಂಟ್ ಸರಿಯಾದ ಬಿಸಿಗೆ ಏರುತ್ತಿಲ್ಲ ಎಂದರ್ಥ. ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂದು ತೋರಿಸುವ ಫ್ಯೂಯೆಲ್ ಟ್ರಿಮ್ ಎಂಬ ಅಂಕಿ ಸೊನ್ನೆಯ ಅಕ್ಕಪಕ್ಕದಲ್ಲಿರಬೇಕು. ಅದು ಸತತವಾಗಿ ಶೇ. 10 ದಾಟಿ ಮೇಲೆ ಅಥವಾ ಕೆಳಗೆ ನಿಂತಿದ್ದರೆ ಗಾಳಿ ಸೋರಿಕೆಯೋ ಸೆನ್ಸರ್ ದೋಷವೋ ಇದೆ. ಕೆಟ್ಟುಹೋದ ಆಕ್ಸಿಜನ್ ಸೆನ್ಸರಿನಂತಹ ಗಂಭೀರ ದೋಷವನ್ನು ಸರಿಪಡಿಸಿದರೆ ಮೈಲೇಜ್ ಶೇ. 40ರವರೆಗೂ ಏರಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಅದು ಅತಿ ಕೆಟ್ಟ ಸ್ಥಿತಿಯ ಮಾತು, ಎಲ್ಲರಿಗೂ ಸಿಗುವ ಲಾಭವಲ್ಲ. ಆದರೂ ಹಳದಿ ಬಣ್ಣದ ಚೆಕ್ ಇಂಜಿನ್ ದೀಪಕ್ಕೆ ಟೇಪ್ ಅಂಟಿಸಿಕೊಂಡು ಓಡಾಡುವವರು ನಮ್ಮಲ್ಲಿ ಇರುವುದರಿಂದ ಇದನ್ನು ಹೇಳಬೇಕಾಯಿತು.

ಟೈರಿನ ಗಾಳಿ: ನಾಲ್ಕು ದಾರಿಗಳು

ಅದೇ ಇಲಾಖೆಯ ಲೆಕ್ಕದಂತೆ ನಾಲ್ಕೂ ಟೈರುಗಳ ಸರಾಸರಿ ಒತ್ತಡ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇ. 0.2ರಷ್ಟು ಇಳಿಯುತ್ತದೆ. 33 ಇರಬೇಕಾದಲ್ಲಿ 25 ಇದ್ದರೆ ನಷ್ಟ ಶೇ. 1.6, ಅಂದರೆ ನಮ್ಮ ಅಳತೆಗೋಲಿನಲ್ಲಿ ವರ್ಷಕ್ಕೆ 1,280 ರೂಪಾಯಿ. ಟೈರಿನ ಅಂಚುಗಳು ಬೇಗ ಸವೆಯುವುದು ಇದರ ಮೇಲಿನ ದಂಡ. ಸರಿಯಾದ ಒತ್ತಡ ಎಷ್ಟೆಂದು ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿ ಬರೆದಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಗರಿಷ್ಠ ಮಿತಿ. ಅದನ್ನು ನೋಡಿ ಗಾಳಿ ಹಾಕಿಸುವುದು ತಪ್ಪು.

ಬಂಕಿನಲ್ಲಿ ಗಾಳಿ ಉಚಿತ, ಆದರೆ ಚೀಟಿಯ ಅಂಕಿ ತಣ್ಣಗಿನ ಟೈರಿಗೆ ಸಂಬಂಧಿಸಿದ್ದು. ನಾಲ್ಕು ಕಿಲೋಮೀಟರು ಬಿಸಿಲಿನಲ್ಲಿ ಓಡಿಸಿಕೊಂಡು ಹೋಗಿ ಬಿಸಿ ಟೈರಿಗೆ 33 ಎಂದು ಹೊಂದಿಸಿದರೆ ಮರುದಿನ ಬೆಳಿಗ್ಗೆ ಅದು ಮೂವತ್ತರ ಆಸುಪಾಸಿನಲ್ಲಿರುತ್ತದೆ. ಮನೆಯಲ್ಲಿ ಒಂದು ಡಿಜಿಟಲ್ ಮಾಪಕವಿಟ್ಟುಕೊಂಡು, ಬೆಳಿಗ್ಗೆ ಕಾರು ಹೊರಡುವ ಮೊದಲೇ ಅಳೆದು, ಎಷ್ಟು ಕೊರತೆಯಿದೆಯೋ ಅಷ್ಟನ್ನು ಬಂಕಿನಲ್ಲಿ ಕೂಡಿಸಿ ಹಾಕಿಸುವುದು ಅತಿ ಅಗ್ಗದ ಪರಿಹಾರ. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಅದಕ್ಕಿಂತ ದುಬಾರಿ. ಅದರ ನಿಜವಾದ ಪ್ರಯೋಜನ ಉಳಿತಾಯಕ್ಕಿಂತ ಹೆಚ್ಚಾಗಿ ಅನುಕೂಲ, ಏಕೆಂದರೆ ಮನೆ ಬಾಗಿಲಲ್ಲೇ ಆಗುವ ಕೆಲಸವನ್ನು ಮಾತ್ರ ನಾವು ತಿಂಗಳಿಗೊಮ್ಮೆ ತಪ್ಪದೆ ಮಾಡುತ್ತೇವೆ. ಇನ್ನು ನೈಟ್ರೋಜನ್: ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ಅದೇ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ಅದರಲ್ಲಿ ತೇವವಿರುವುದಿಲ್ಲ, ಅಷ್ಟೇ. ಅದೇ ಒತ್ತಡದಲ್ಲಿರುವ ಸಾಧಾರಣ ಗಾಳಿಗಿಂತ ಅದು ಹೆಚ್ಚು ಮೈಲೇಜ್ ಕೊಡುವುದಿಲ್ಲ. ನಾಲ್ಕನೆಯ ದಾರಿ ಬೇಕೆಂದೇ ನಾಲ್ಕೈದು ಪಿಎಸ್‌ಐ ಹೆಚ್ಚು ಹಾಕಿಸುವುದು. ಇದರಿಂದ ಉರುಳುವ ಪ್ರತಿರೋಧ ನಿಜವಾಗಿಯೂ ಕಡಿಮೆಯಾಗುತ್ತದೆ, ಆದರೆ ರಸ್ತೆಯನ್ನು ಮುಟ್ಟುವ ರಬ್ಬರಿನ ಅಗಲವೂ ಕಡಿಮೆಯಾಗಿ ಟೈರಿನ ನಡುಭಾಗ ಬೇಗ ಸವೆಯುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿಯುವವರು ಶೇಕಡಾ ಒಂದಕ್ಕಾಗಿ ಹಿಡಿತವನ್ನು ಒತ್ತೆಯಿಡುವುದು ಬುದ್ಧಿವಂತಿಕೆಯಲ್ಲ.

ಫಿಲ್ಟರ್, ಆಯಿಲ್, ಪ್ಲಗ್

ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎಂಬ ಮಾತು ಕಾರ್ಬ್ಯುರೇಟರ್ ಕಾಲದ್ದು. ಅಂಬಾಸಡರ್, ಪದ್ಮಿನಿ, ಹಳೆಯ ಮಾರುತಿ 800 ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಾಗ ಗಾಳಿ ಕಡಿಮೆಯಾಗುತ್ತಿತ್ತು, ಪೆಟ್ರೋಲ್ ಹಾಗೆಯೇ ಬರುತ್ತಿತ್ತು. ಆದ್ದರಿಂದ ಆ ಮಾತು ಆಗ ನಿಜವಾಗಿತ್ತು. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಒಳಬರುವ ಗಾಳಿಯನ್ನು ಅಳೆದೇ ಪೆಟ್ರೋಲ್ ಕೊಡಲಾಗುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಟ್ಟಿಕೊಂಡ ಫಿಲ್ಟರಿನಿಂದ ಇಂತಹ ಕಾರುಗಳ ಮೈಲೇಜಿನ ಮೇಲೆ ಗಮನಾರ್ಹ ಪರಿಣಾಮ ಕಾಣಲಿಲ್ಲ; ಪಿಕಪ್ ಮಾತ್ರ ಕುಗ್ಗಿತು. ಹಾಗೆಂದು ಫಿಲ್ಟರ್ ಬದಲಿಸದೆ ಇರಬಾರದು. ಬಳ್ಳಾರಿಯ ಧೂಳಿನಲ್ಲಿ ಓಡುವ ಕಾರಿಗೆ ಕೈಪಿಡಿ ಹೇಳುವುದಕ್ಕಿಂತ ಮೊದಲೇ ಬದಲಿಸುವುದು ಇಂಜಿನ್ನಿನ ಆಯಸ್ಸಿಗೆ ಒಳ್ಳೆಯದು. ಎರಡು ಮೂರು ಕ್ಲಿಪ್ ಬಿಚ್ಚಿದರೆ ಐದು ನಿಮಿಷದಲ್ಲಿ ಮುಗಿಯುವ ಈ ಕೆಲಸಕ್ಕೆ ಗ್ಯಾರೇಜಿನ ಕೂಲಿ ಅನವಶ್ಯಕ. ಕಾಗದದ ಫಿಲ್ಟರಿಗೂ, ಅದರ ಹತ್ತಾರು ಪಟ್ಟು ಬೆಲೆಯ, ತೊಳೆದು ಎಣ್ಣೆ ಹಚ್ಚಿ ಮತ್ತೆ ಬಳಸುವ ಹತ್ತಿಯ ಫಿಲ್ಟರಿಗೂ ನಡುವೆ ಆರಿಸುವುದಾದರೆ, ಮೇಲಿನ ಕಾರಣದಿಂದಲೇ, ಮೈಲೇಜಿನ ದೃಷ್ಟಿಯಿಂದ ಎರಡನೆಯದಕ್ಕೆ ದುಡ್ಡು ಹಾಕಲು ಯಾವ ಆಧಾರವೂ ಇಲ್ಲ. ಎಣ್ಣೆ ಹೆಚ್ಚಾದರೆ ಗಾಳಿಯ ಸೆನ್ಸರಿಗೆ ಅಂಟಿಕೊಂಡು ಹೊಸ ತೊಂದರೆ ಶುರುವಾಗುತ್ತದೆ.

ಇಂಜಿನ್ ಆಯಿಲಿನ ದರ್ಜೆ ಮಾತ್ರ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ತೆಳುವಾದ ಆಯಿಲಿಗಾಗಿ ರೂಪಿಸಿದ ಇಂಜಿನ್ನಿಗೆ ಅದಕ್ಕಿಂತ ಒಂದು ದರ್ಜೆ ದಪ್ಪ ಆಯಿಲ್ ಹಾಕಿದರೆ ಶೇ. 1ರಿಂದ 2ರಷ್ಟು ನಷ್ಟ. 0ಡಬ್ಲ್ಯು-20 ಬೇಕೆನ್ನುವ ಕಾರಿಗೆ, ವಯಸ್ಸಾಗಿದೆ, ಗಟ್ಟಿ ಆಯಿಲ್ ಇರಲಿ ಎಂದು 20ಡಬ್ಲ್ಯು-50 ಹಾಕಿಸುವ ಸಲಹೆಯನ್ನು, ಇಂಜಿನ್ ಆಯಿಲ್ ಸುಡುತ್ತಿಲ್ಲವಾದರೆ, ಒಪ್ಪಬೇಕಾಗಿಲ್ಲ. ಸ್ವತಃ ಬದಲಿಸುವುದೋ ಗ್ಯಾರೇಜಿಗೆ ಕೊಡುವುದೋ ಎಂಬ ಪ್ರಶ್ನೆಗೆ ಉತ್ತರ ವಾರಂಟಿಯನ್ನು ಅವಲಂಬಿಸಿದೆ. ವಾರಂಟಿ ಇರುವವರೆಗೆ ಸರ್ವಿಸ್ ದಾಖಲೆ ಮುಖ್ಯ. ಮುಗಿದ ಮೇಲೆ, ಕಾರನ್ನು ಬರೀ ಜಾಕಿನ ಮೇಲೆ ನಿಲ್ಲಿಸಿ ಕೆಳಗೆ ತೂರದೆ, ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಕೂರಿಸಿ ಕೆಲಸ ಮಾಡಬಲ್ಲವರಿಗೆ ಕೂಲಿ ಉಳಿಯುತ್ತದೆ, ಹಾಕಿದ ಆಯಿಲ್ ಯಾವುದೆಂಬ ಖಾತ್ರಿಯೂ ಸಿಗುತ್ತದೆ. ಡಿಪ್‌ಸ್ಟಿಕ್ಕಿನ (ಅಳತೆ ಕಡ್ಡಿಯ) ಎರಡು ಗುರುತುಗಳ ನಡುವೆ ಆಯಿಲಿನ ಮಟ್ಟವನ್ನು ನಿಲ್ಲಿಸಬೇಕು. ಮೇಲಿನ ಗುರುತು ದಾಟಿದರೆ ಒಳಗಿನ ಶಾಫ್ಟ್ ಆಯಿಲನ್ನು ಕಡೆಯುತ್ತಾ ಶಕ್ತಿ ಕಳೆಯುತ್ತದೆ. ಹಳೆಯ ಆಯಿಲನ್ನು ಚರಂಡಿಗೆ ಸುರಿಯಲು ಮನಸ್ಸು ಬರುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಸ್ಪಾರ್ಕ್ ಪ್ಲಗ್ಗಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಸ ನಿಕ್ಕಲ್ ಪ್ಲಗ್ಗಿಗೂ ಹೊಸ ಇರಿಡಿಯಂ ಪ್ಲಗ್ಗಿಗೂ ಮೈಲೇಜಿನಲ್ಲಿ ಕಾಣುವಂತಹ ವ್ಯತ್ಯಾಸವಿಲ್ಲ. ಇರಿಡಿಯಂ ಹಲವು ಪಟ್ಟು ಹೆಚ್ಚು ಬಾಳುತ್ತದೆ. ಪ್ಲಗ್ ತಲುಪಲು ಕಷ್ಟವಿರುವ ಕಾರಿಗೆ ಇರಿಡಿಯಂ, ಸುಲಭವಿರುವ ಕಾರಿಗೆ ಕೈಪಿಡಿಯಲ್ಲಿ ಹೇಳಿರುವ ನಿಕ್ಕಲ್ ಎಂದು ಆರಿಸಬಹುದು. ಇಂಜಿನ್ ತಣ್ಣಗಿರುವಾಗಲೇ ಬಿಚ್ಚಬೇಕು, ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಬೇಕು, ಏಕೆಂದರೆ ಅಲ್ಯೂಮಿನಿಯಂ ಹೆಡ್ಡಿನ ತಿರುಪು ಮರೆ (ಥ್ರೆಡ್) ಕೆಟ್ಟರೆ ಉಳಿತಾಯದ ಮಾತೇ ಮುಗಿಯಿತು.

ತೆಗೆದುಹಾಕುವುದರಿಂದ ಬರುವ ಲಾಭ

ಹಾಸನದಿಂದ ಮನೆ ಬದಲಿಸಿದಾಗ ಸಾಮಾನು ಸಾಗಿಸಲೆಂದು ನಮ್ಮ ಕಾರಿನ ಮೇಲೆ ಕೂರಿಸಿದ ಕ್ಯಾರಿಯರ್, ಬೋಲ್ಟ್ ತುಕ್ಕು ಹಿಡಿದಿದೆ ಎಂಬ ನೆಪದಲ್ಲಿ ಒಂದು ವರ್ಷಕ್ಕೂ ಮೀರಿ ಅಲ್ಲಿಯೇ ಉಳಿಯಿತು. ಆ ವರ್ಷವಿಡೀ ನಾನು ಪೆಟ್ರೋಲ್ ಸೇರ್ಪಡೆಯ ಬಾಟಲಿಗಳನ್ನು ಕೊಂಡು ಟ್ಯಾಂಕಿಗೆ ಸುರಿಯುತ್ತಿದ್ದೆ ಎಂಬುದನ್ನು ಈಗ ನೆನೆದರೆ ನಗು ಬರುತ್ತದೆ. ದೊಡ್ಡ ಪೆಟ್ಟಿಗೆಯೊಂದನ್ನು ಮಾಡಿನ ಮೇಲೆ ಹೊತ್ತ ಕಾರು ಊರೊಳಗೆ ಶೇ. 2ರಿಂದ 8ರಷ್ಟು, ಗಂಟೆಗೆ 105 ಕಿಲೋಮೀಟರು ದಾಟಿದ ಹೆದ್ದಾರಿ ಓಟದಲ್ಲಿ ಶೇ. 10ರಿಂದ 25ರಷ್ಟು ಮೈಲೇಜ್ ಕಳೆದುಕೊಳ್ಳುತ್ತದೆ. ಖಾಲಿ ಕ್ಯಾರಿಯರಿನ ನಷ್ಟ ಇದಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಅದನ್ನು ತೆಗೆಯಲು ಬೇಕಾದದ್ದು ಒಂದು ಸ್ಪಾನರ್ ಮತ್ತು ತುಕ್ಕು ಬಿಡಿಸುವ ಸ್ಪ್ರೇ.

ಡಿಕ್ಕಿಯಲ್ಲಿ ಹೊತ್ತು ತಿರುಗುವ ತೂಕದ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ಚಿಂತಿಸುತ್ತಾರೆ. 45 ಕಿಲೋ ಹೆಚ್ಚುವರಿ ತೂಕಕ್ಕೆ ನಷ್ಟ ಸುಮಾರು ಶೇ. 1, ಸಣ್ಣ ಕಾರಿನಲ್ಲಿ ಸ್ವಲ್ಪ ಹೆಚ್ಚು. ಮರೆತುಹೋದ ಅಕ್ಕಿ ಮೂಟೆಯನ್ನು ಇಳಿಸಬಹುದು. ಆದರೆ ತೂಕ ಉಳಿಸಲೆಂದು ಸ್ಟೆಪ್ನಿಯನ್ನೇ ಮನೆಯಲ್ಲಿಟ್ಟು ಹೊರಡುವವರು ಪಂಕ್ಚರ್ ಆದ ರಾತ್ರಿ ಆ ಸಣ್ಣ ಉಳಿತಾಯವನ್ನು ನೆನೆಯಬೇಕಾಗುತ್ತದೆ. ಮುಂದೆ ಕೂರಿಸುವ ಕಬ್ಬಿಣದ ಬುಲ್ ಬಾರ್ ತೂಕ ಹೆಚ್ಚಿಸುವುದಲ್ಲದೆ ಏರ್‌ಬ್ಯಾಗ್ ಸಕಾಲದಲ್ಲಿ ತೆರೆಯುವುದಕ್ಕೂ ಅಡ್ಡಿ ಮಾಡುತ್ತದೆ, ಮತ್ತು 2017ರ ಡಿಸೆಂಬರಿನಿಂದ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮಕ್ಕೆ ಸೂಚಿಸಿದೆ.

ವೇಗವನ್ನು ಕಡಿಮೆ ಮಾಡುವುದೂ ಒಂದು ರೀತಿಯಲ್ಲಿ ತೆಗೆದುಹಾಕುವ ಕೆಲಸವೇ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 100ರ ಬದಲು 80ರಲ್ಲಿ ಓಡಿಸಿದರೆ ಆ ಪ್ರತಿರೋಧ ಶೇ. 36ರಷ್ಟು ಇಳಿಯುತ್ತದೆ. ಯಾವ ಬಿಡಿಭಾಗವೂ ಇದರ ಹತ್ತಿರಕ್ಕೆ ಬರಲಾರದು. ಶಿರಾಡಿಯಂತಹ ಘಾಟಿಯಲ್ಲಿ ಇಳಿಯುವಾಗ ನ್ಯೂಟ್ರಲ್ ಮಾಡುವುದು ಲಾಭವೋ ಗೇರಿನಲ್ಲೇ ಇಳಿಯುವುದು ಲಾಭವೋ ಎಂಬ ಹಳೆಯ ವಾದಕ್ಕೂ ಸ್ಪಷ್ಟ ಉತ್ತರವಿದೆ: ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಇಸಿಯು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಂತೆ ಉಳಿಸಿಕೊಳ್ಳಲು ಸ್ವಲ್ಪ ಕೊಡುತ್ತಲೇ ಇರಬೇಕಾಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಯುವವರು ಬ್ರೇಕನ್ನೂ ಕಾಯಿಸುತ್ತಾರೆ, ಪೆಟ್ರೋಲನ್ನೂ ಸುಡುತ್ತಾರೆ.

ದುಬಾರಿ ಬದಲಾವಣೆಗಳು

ಅಲಾಯ್ ಚಕ್ರ, ಅಗಲ ಟೈರ್ ಹಾಕಿಸುವವರು ಸಾಮಾನ್ಯವಾಗಿ ಮೈಲೇಜ್ ಕಳೆದುಕೊಳ್ಳುತ್ತಾರೆ, ಆದರೆ ಎಷ್ಟು ಕಳೆದುಕೊಂಡೆವೆಂಬ ಲೆಕ್ಕದಲ್ಲಿಯೂ ಎಡವುತ್ತಾರೆ. 165/70 ಆರ್14 ಟೈರಿನ ಹೊರ ವ್ಯಾಸ ಸುಮಾರು 587 ಮಿಲಿಮೀಟರು. ಅದರ ಬದಲು 175/70 ಆರ್14 ಹಾಕಿದರೆ ಸುಮಾರು 601. ಚಕ್ರ ಒಂದು ಸುತ್ತಿಗೆ ಶೇ. 2.4ರಷ್ಟು ಹೆಚ್ಚು ದೂರ ಹೋದರೂ ಮೀಟರಿಗೆ ಅದು ತಿಳಿಯದು, ಆದ್ದರಿಂದ ದೂರ ಕಡಿಮೆ ದಾಖಲಾಗಿ ಮೈಲೇಜ್ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಸಣ್ಣ ವ್ಯಾಸದ ಟೈರ್ ಹಾಕಿದವರಿಗೆ ಇದರ ತಿರುವುಮುರುವು: ಕಾಗದದ ಮೇಲೆ ಮೈಲೇಜ್ ಏರುತ್ತದೆ, ಜೇಬಿನಲ್ಲಿ ಏರುವುದಿಲ್ಲ. ಹೊಸ ಟೈರ್ ಹಾಕಿದ ಮೊದಲ ತಿಂಗಳು ಮೈಲೇಜ್ ಸ್ವಲ್ಪ ಇಳಿದರೆ ಗಾಬರಿಯಾಗಬೇಕಾಗಿಲ್ಲ. ಸವೆದ ಟೈರಿಗಿಂತ ಪೂರ್ತಿ ರಬ್ಬರಿರುವ ಟೈರಿನ ಉರುಳುವ ಪ್ರತಿರೋಧ ಹೆಚ್ಚು. ಮೂಲ ಅಳತೆಯಲ್ಲೇ ಕಡಿಮೆ ಉರುಳು ಪ್ರತಿರೋಧದ ಟೈರನ್ನು, ಹೇಗೂ ಬದಲಿಸುವ ಸಮಯ ಬಂದಾಗ ಆರಿಸುವುದು ಸರಿಯಾದ ದಾರಿ.

ಇಸಿಯುವಿನ ತಂತ್ರಾಂಶ ಬದಲಿಸುವ ರೀಮ್ಯಾಪನ್ನು ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಮೈಲೇಜಿನ ಆಸೆಯಿಂದ ಮಾಡಿಸುವುದು ವ್ಯರ್ಥ. ಸಾಧಾರಣ ವೇಗದಲ್ಲಿ ಗಾಳಿ ಮತ್ತು ಪೆಟ್ರೋಲಿನ ಪ್ರಮಾಣವನ್ನು ಕಂಪನಿಯೇ ಮಾಲಿನ್ಯ ನಿಯಮಕ್ಕೆ ತಕ್ಕಂತೆ ನಿಖರವಾಗಿ ಹೊಂದಿಸಿರುತ್ತದೆ. ಅಲ್ಲಿ ಹಿಂಡಲು ಉಳಿದಿರುವುದು ಅತ್ಯಲ್ಪ, ಕಳೆದುಕೊಳ್ಳಲು ವಾರಂಟಿ ಇದೆ. ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ತಯಾರಕರು ನಿಗದಿಪಡಿಸಿದ, ಆರ್‌ಸಿಯಲ್ಲಿ ನಮೂದಾದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ.

ಹೆಚ್ಚು ಆಕ್ಟೇನಿನ ಪೆಟ್ರೋಲಿಗೂ ಇದೇ ವಿವೇಚನೆ ಸಲ್ಲುತ್ತದೆ. ಇ20 ಬರುವ ಮೊದಲು ಸಾಧಾರಣ ಪೆಟ್ರೋಲ್ 91 ಆಕ್ಟೇನಿನದ್ದಾಗಿತ್ತು, ಅದಕ್ಕಿಂತ ದುಬಾರಿಯಾದ ಎಕ್ಸ್‌ಪಿ95ನಂತಹವು 95ರವು. ಆಕ್ಟೇನ್ ಎಂದರೆ ಅಕಾಲದಲ್ಲಿ ಸಿಡಿಯದೆ ಒತ್ತಡ ತಡೆಯುವ ಗುಣ, ಲೀಟರಿನೊಳಗಿನ ಶಕ್ತಿಯಲ್ಲ. ಕೈಪಿಡಿ ಕೇಳದ ಹೊರತು ಆ ಹೆಚ್ಚುವರಿ ರೂಪಾಯಿಗಳು ಮೈಲೇಜಾಗಿ ಮರಳುವುದಿಲ್ಲ.

ಪೆಟ್ರೋಲ್ ಕೊಳವೆಗೆ ಕಟ್ಟುವ ಅಯಸ್ಕಾಂತ, ಗಾಳಿಯನ್ನು ಸುಳಿಯಾಗಿಸುವ ರೆಕ್ಕೆ, ನೀರಿನಿಂದ ಜಲಜನಕ ತೆಗೆಯುವ ಕಿಟ್, ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಉಳಿತಾಯದ ಡಬ್ಬಿ, ಇವನ್ನೆಲ್ಲ ಒಂದೇ ವಾದದಿಂದ ಪಕ್ಕಕ್ಕಿಡಬಹುದು. ಇವೆಲ್ಲ ಇಂಧನವನ್ನು ಪೂರ್ತಿಯಾಗಿ ಉರಿಸುತ್ತೇವೆ ಎನ್ನುತ್ತವೆ. ಆದರೆ ಸುಸ್ಥಿತಿಯಲ್ಲಿರುವ ಇಂಜಿನ್ ಈಗಾಗಲೇ ತನಗೆ ಕೊಟ್ಟ ಪೆಟ್ರೋಲಿನ ಶೇ. 95ಕ್ಕಿಂತ ಹೆಚ್ಚನ್ನು ಉರಿಸುತ್ತದೆ. ನಷ್ಟವಾಗುವುದು ಉರಿದ ಮೇಲೆ, ರೇಡಿಯೇಟರಿನಿಂದಲೂ ಸೈಲೆನ್ಸರಿನಿಂದಲೂ ಹೊರಹೋಗುವ ಶಾಖವಾಗಿ. ಉರಿಯದೆ ಉಳಿದದ್ದೇ ಅಷ್ಟು ಕಡಿಮೆ ಇರುವಾಗ ಶೇ. 20ರ ಉಳಿತಾಯ ಎಲ್ಲಿಂದ ಬರಬೇಕು? ಜಲಜನಕದ ಕಿಟ್ಟಿಗೆ ಬೇಕಾದ ವಿದ್ಯುತ್ತನ್ನು ಅದೇ ಇಂಜಿನ್ ಆಲ್ಟರ್ನೇಟರ್ ತಿರುಗಿಸಿ ಕೊಡಬೇಕು, ಆ ಅನಿಲದಿಂದ ಮರಳಿ ಬರುವುದು ಅದಕ್ಕಿಂತ ಕಡಿಮೆಯೇ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂತಹ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದರೂ ಗಮನಾರ್ಹ ಲಾಭ ಕೊಡುವ ಒಂದೂ ಸಿಗಲಿಲ್ಲ. ನಮ್ಮ ಭಾವನವರು ಕೊಂಡಿದ್ದ ಡಬ್ಬಿಯನ್ನು ಅವರ ಒಪ್ಪಿಗೆ ಪಡೆದೇ ಬಿಚ್ಚಿ ನೋಡಿದಾಗ ಒಳಗಿದ್ದದ್ದು ಮಿನುಗುವ ದೀಪಗಳು ಮಾತ್ರ. ಕಾರಿನೊಂದಿಗೆ ಮಾತಾಡುವ ತಂತಿಗಳನ್ನು ಅದು ಮುಟ್ಟಿಯೇ ಇರಲಿಲ್ಲ.

ಸಿಎನ್‌ಜಿ: ಮನೆಯಲ್ಲಿ ಮಾಡುವಂತಹದ್ದಲ್ಲ, ಆದರೂ ಲೆಕ್ಕ ಹಾಕಬೇಕಾದದ್ದು

ಮೇಲಿನ ಎಲ್ಲವನ್ನೂ ಮಾಡಿದ ಮೇಲೂ ಖರ್ಚು ಭಾರವೆನಿಸುವವರ ಮುಂದಿರುವ ದೊಡ್ಡ ಆಯ್ಕೆ ಸಿಎನ್‌ಜಿ. ಒಂದು ಕಿಲೋ ಸಿಎನ್‌ಜಿಯಲ್ಲಿ ಸುಮಾರು 1.4 ಲೀಟರ್ ಪೆಟ್ರೋಲಿನಷ್ಟು ಶಕ್ತಿಯಿರುವುದರಿಂದ, ಲೀಟರಿಗೆ 15 ಕೊಡುವ ಕಾರು ಕಿಲೋಗೆ 20ರ ಆಸುಪಾಸು ಕೊಡುತ್ತದೆ. ಕಿಲೋಗೆ 90 ರೂಪಾಯಿ ಎಂದು ಹಿಡಿದರೆ 12,000 ಕಿಲೋಮೀಟರಿಗೆ 54,000 ರೂಪಾಯಿ. ಪೆಟ್ರೋಲಿಗಿಂತ 26,000 ಕಡಿಮೆ. ಕಿಟ್, ಅಳವಡಿಕೆ, ಆರ್‌ಸಿ ತಿದ್ದುಪಡಿ ಎಲ್ಲ ಸೇರಿ 60,000 ಆದರೆ ಸುಮಾರು ಎರಡೂಕಾಲು ವರ್ಷದಲ್ಲಿ ಹಣ ಮರಳುತ್ತದೆ. ವರ್ಷಕ್ಕೆ 6,000 ಕಿಲೋಮೀಟರು ಮಾತ್ರ ಓಡಿಸುವವರಿಗೆ ಅದೇ ಲೆಕ್ಕ ನಾಲ್ಕೂವರೆ ವರ್ಷವನ್ನು ಮೀರುತ್ತದೆ, ಅಷ್ಟರಲ್ಲಿ ಅನೇಕರು ಕಾರನ್ನೇ ಮಾರಿರುತ್ತಾರೆ.

ಹೊಸ ಕಾರು ಕೊಳ್ಳುವವರಾದರೆ ಕಂಪನಿಯೇ ಅಳವಡಿಸಿದ ಸಿಎನ್‌ಜಿ ಮಾದರಿಯನ್ನು ಆರಿಸುವುದು ಮೇಲು; ಅದರಲ್ಲಿ ಸ್ಪ್ರಿಂಗ್, ವಾರಂಟಿ, ದಾಖಲೆ ಎಲ್ಲವೂ ಆ ಭಾರಕ್ಕೆ ತಕ್ಕಂತೆ ಬಂದಿರುತ್ತವೆ. ಇರುವ ಕಾರಿಗೆ ಹಾಕಿಸುವವರು ಅನುಮೋದಿತ ಕೇಂದ್ರದಲ್ಲೇ ಹಾಕಿಸಿ, ಆರ್‌ಸಿಯಲ್ಲಿ ನಮೂದು ಮಾಡಿಸಿ, ವಿಮಾ ಕಂಪನಿಗೂ ತಿಳಿಸಬೇಕು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು. ಡಿಕ್ಕಿಯ ಬಹುಪಾಲು ಜಾಗ ಹೋಗುತ್ತದೆ, ಏರು ದಾರಿಯಲ್ಲಿ ಪಿಕಪ್ ಸ್ವಲ್ಪ ಕುಗ್ಗುತ್ತದೆ. ಹಣ ಕಟ್ಟುವ ಮೊದಲು, ನೀವು ದಿನವೂ ಓಡಾಡುವ ದಾರಿಯಲ್ಲಿರುವ ಸಿಎನ್‌ಜಿ ಪಂಪಿಗೆ ಒಂದು ಕೆಲಸದ ದಿನ ಸಂಜೆ ಏಳು ಗಂಟೆಗೆ ಹೋಗಿ, ಆಟೊಗಳ ಸಾಲು ಎಷ್ಟು ಉದ್ದವಿದೆ, ಅದು ಎಷ್ಟು ಹೊತ್ತಿಗೆ ಕರಗುತ್ತದೆ ಎಂಬುದನ್ನು ನಿಂತು ನೋಡಿ ಬನ್ನಿ.